ಬಸುರಿಯ ಟೀ ಲೋಟ: ಎಷ್ಟು, ಯಾವಾಗ, ಯಾವ ನೀರಲ್ಲಿ?

ಪ್ರಶ್ನೆ: ನನಗೀಗ ಐದು ತಿಂಗಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಎರಡು, ಕೆಲಸದ ಕಡೆ ಮೂರು, ಹೀಗೆ ದಿನಕ್ಕೆ ಐದು ಲೋಟ ಟೀ ಆಗುತ್ತೆ. ಹೋದ ವಾರ ಹಿಮೋಗ್ಲೋಬಿನ್ 9.4 ಬಂತು, ರಕ್ತ ಕಮ್ಮಿ ಎಂದರು. ಆದರೆ ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆಯನ್ನು ನಾನು ಎರಡು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಬರೀ ಹೊಟ್ಟೆಗೆ ವಾಕರಿಕೆ ಬರುತ್ತೆ ಅಂತ ಬೆಳಗ್ಗೆ ಟೀ ಜೊತೆಗೇ ನುಂಗುತ್ತೇನೆ. ಟೀ ಕುಡಿದರೆ ಮಗು ಕಪ್ಪಗಾಗುತ್ತೆ, ಪೂರ್ತಿ ಬಿಡು ಅಂತ ಅತ್ತೆ ಹೇಳುತ್ತಾರೆ. ಬಿಟ್ಟರೆ ತಲೆ ಸಿಡಿಯುತ್ತೆ. ಏನು ಮಾಡಲಿ?

ಉತ್ತರ: ಬಣ್ಣದ ವಿಷಯ ಮೊದಲು ಮುಗಿಸಿಬಿಡೋಣ. ಮಗುವಿನ ಬಣ್ಣ ಅಪ್ಪ ಅಮ್ಮನ ಕಡೆಯಿಂದ ಬರುತ್ತೆ. ಟೀಗೂ ಅದಕ್ಕೂ ಸಂಬಂಧವಿಲ್ಲ. ಕೇಸರಿ ಹಾಲಿಗೂ ಇಲ್ಲ. ಅತ್ತೆ ಕೊಟ್ಟ ಕಾರಣ ತಪ್ಪು, ಆದರೆ ಟೀ ಕಮ್ಮಿ ಮಾಡು ಅನ್ನೋದು ಸರಿ.

ನಿಮ್ಮ ಪತ್ರ ಓದುತ್ತಾ ‘ಟೀ ಜೊತೆಗೇ ನುಂಗುತ್ತೇನೆ’ ಅನ್ನೋ ಸಾಲಿಗೆ ಬಂದಾಗ ನಿಂತುಬಿಟ್ಟೆ. ಎರಡು ತಿಂಗಳು ನೀವು ತಪ್ಪದೆ ಪಟ್ಟ ಶ್ರಮದಲ್ಲಿ ಮುಕ್ಕಾಲು ಪಾಲು ಅಲ್ಲೇ ಸೋರಿಹೋಗಿರಬಹುದು.

ಬಾಳೆಕಾಯಿ ಹೆಚ್ಚಿದ ಮೇಲೆ ಕಬ್ಬಿಣದ ಈಳಿಗೆಮಣೆ ನೋಡಿದ್ದೀರಲ್ಲ? ಅಲಗು ಕಪ್ಪಗಾಗಿರುತ್ತೆ, ಉಜ್ಜಿದರೂ ಬೇಗ ಹೋಗಲ್ಲ. ಬಾಳೆಕಾಯಿಯ ಒಗರು ಕಬ್ಬಿಣವನ್ನು ಹಿಡಿದುಕೊಂಡಿದೆ ಅಂತ ಅರ್ಥ. ಟೀಯಲ್ಲೂ ಅಂಥದ್ದೇ ಒಗರು ಇದೆ, ಅದಕ್ಕೆ ಟ್ಯಾನಿನ್ ಅನ್ನುತ್ತಾರೆ. ನಿಮ್ಮ ಕೆಂಪು ಮಾತ್ರೆಯಲ್ಲಿ ಇರೋದೂ ಕಬ್ಬಿಣಾಂಶವೇ, 60 ಮಿಲಿಗ್ರಾಂ. ಎರಡೂ ಹೊಟ್ಟೆಯಲ್ಲಿ ಒಟ್ಟಿಗೆ ಬಿದ್ದರೆ ಈಳಿಗೆಮಣೆ ಮೇಲೆ ಆಗಿದ್ದೇ ಒಳಗೂ ಆಗುತ್ತೆ. ಕಬ್ಬಿಣ ರಕ್ತಕ್ಕೆ ಸೇರುವ ಬದಲು ಮಲದಲ್ಲಿ ಹೊರಗೆ ಹೋಗುತ್ತೆ. ಹಾಲು ಜಾಸ್ತಿ ಹಾಕಿದರೆ ಸರಿಹೋಗುತ್ತಾ ಅಂತ ಕೇಳುವವರಿದ್ದಾರೆ. ಇಲ್ಲ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತೆ.

ಹಾಗಾಗಿ ಮಾತ್ರೆಯ ಹೊತ್ತು ಬದಲಾಯಿಸಿ. ರಾತ್ರಿ ಎಂಟಕ್ಕೆ ಊಟ ಮಾಡಿದರೆ ಹತ್ತಕ್ಕೆ, ಮಲಗುವ ಮುಂಚೆ ತಗೊಳ್ಳಿ. ವಾಕರಿಕೆ ಬಂದರೂ ನಿದ್ದೆಯಲ್ಲಿ ಗೊತ್ತಾಗಲ್ಲ. ನುಂಗಲು ಅರ್ಧ ಹೋಳು ನಿಂಬೆಹಣ್ಣು ಹಿಂಡಿದ ನೀರು ಸಾಕು. ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣಕ್ಕೆ ದಾರಿ ಸಲೀಸು ಮಾಡುತ್ತೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿದ್ದಾರಾ? ಅದನ್ನು ತಿಂಡಿ ಜೊತೆ, ಮಧ್ಯಾಹ್ನದ ಊಟದ ಜೊತೆ ತಗೊಳ್ಳಿ, ಕೆಂಪು ಮಾತ್ರೆಯ ಹತ್ತಿರ ಬೇಡ. ಮಲ ಕಪ್ಪಗೆ ಹೋದರೆ ಗಾಬರಿ ಬೇಡ, ಈ ಮಾತ್ರೆಗೆ ಹಾಗೆ ಆಗೋದು ಮಾಮೂಲು.

ಊಟಕ್ಕೂ ಇದೇ ಮಾತು. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಉಂಡು ಕೈ ತೊಳೆದ ಕೂಡಲೇ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣಾಂಶ ದಕ್ಕೋದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಆದ ಮೇಲೆ ಒಂದು ಗಂಟೆ ಟೀ ಕಾಫಿ ಎರಡೂ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯೂ ಇದೇ.

ಈಗ ಲೋಟದ ಲೆಕ್ಕ. 150 ಮಿ.ಲೀ. ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್, ಅಂದರೆ ನಿದ್ದೆ ಓಡಿಸುವ ಅಂಶ, ಇರುತ್ತೆ ಅಂತ ಅದೇ ಸಂಸ್ಥೆ ಹೇಳುತ್ತೆ. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನೋದು ಅಮೆರಿಕ, ಬ್ರಿಟನ್ನಿನ ವೈದ್ಯರ ಮಾತು. ವಿಶ್ವ ಆರೋಗ್ಯ ಸಂಸ್ಥೆ 300 ದಾಟಿದವರಿಗೆ ಕಮ್ಮಿ ಮಾಡಲು ಹೇಳುತ್ತೆ. ಅತಿಯಾದರೆ ಗರ್ಭಪಾತವಾಗುವ, ಮಗುವಿನ ತೂಕ ಕಮ್ಮಿಯಾಗುವ ಅಪಾಯ ಹೆಚ್ಚು. ನಾನು 200 ಅಂತಲೇ ಹೇಳುತ್ತೇನೆ. ಕೆಫೀನ್ ಮಾಸು ದಾಟಿ ಮಗುವಿಗೆ ಹೋಗುತ್ತೆ, ಅದನ್ನು ಕರಗಿಸುವ ಶಕ್ತಿ ಆ ಮಗುವಿಗೆ ಇನ್ನೂ ಬಂದಿರಲ್ಲ. ತಿಂಗಳು ತುಂಬುತ್ತಾ ಹೋದಂತೆ ನಿಮ್ಮ ಮೈಯಿಂದಲೂ ಅದು ಬೇಗ ಇಳಿಯಲ್ಲ. ಸಂಜೆ ಆರರ ಟೀ ರಾತ್ರಿ ಕಣ್ಣು ಮುಚ್ಚಲು ಬಿಡದಿರೋದು ಅದಕ್ಕೇ.

ಆದರೆ ನಿಮ್ಮ ಲೋಟ ಎಷ್ಟು ದೊಡ್ಡದು? ಒಂದು ಲೀಟರಿನ ನೀರಿನ ಬಾಟಲಿ ತಗೊಂಡು ಲೋಟಕ್ಕೆ ಬಗ್ಗಿಸಿ ನೋಡಿ. ಐದು ಲೋಟಕ್ಕೆ ಬಾಟಲಿ ಖಾಲಿಯಾದರೆ ಒಂದೊಂದು ಲೋಟ 200 ಮಿ.ಲೀ. ಅಂಥ ಐದು ಲೋಟ ಅಂದರೆ 200ರಿಂದ 430 ಮಿಲಿಗ್ರಾಂ ಕೆಫೀನ್. ಅಂಗಡಿಯ ಪುಟ್ಟ ಪೇಪರ್ ಕಪ್ಪಿನಲ್ಲಾದರೆ ಅದೇ ಐದು ಸಲ ಕುಡಿದರೂ ಇದರ ಅರ್ಧ ಆಗಲ್ಲ. ನಿಮ್ಮದು ಸ್ಟೀಲ್ ಲೋಟವೇ ಇರಬೇಕು ಅಂತ ನನ್ನ ಅಂದಾಜು, ನಮ್ಮ ಕಡೆ ಪುಟ್ಟ ಕಪ್ಪಿನಲ್ಲಿ ಕೊಟ್ಟರೆ ಯಾರಿಗೂ ಸಮಾಧಾನ ಇಲ್ಲ!

ಒಂದೇ ದಿನಕ್ಕೆ ಪೂರ್ತಿ ಬಿಡಬೇಡಿ. ತಲೆ ಸಿಡಿಯೋದು ನಿಮ್ಮ ಮನಸ್ಸಿನ ಕಲ್ಪನೆಯಲ್ಲ, ಕೆಫೀನ್ ತಟ್ಟನೆ ನಿಂತರೆ ಆಗೋದೇ ಹಾಗೆ. ಮೊದಲ ವಾರ ಐದು ಸಲವೂ ಕುಡಿಯಿರಿ, ಆದರೆ ಮುಕ್ಕಾಲು ಲೋಟ. ಆಮೇಲೆ ಸಂಜೆಯದು ನಿಲ್ಲಿಸಿ. ಕೊನೆಗೆ ಬೆಳಗ್ಗೆ ಒಂದು, ಹನ್ನೊಂದಕ್ಕೆ ಒಂದು ಉಳಿದರೆ ಸಾಕು. ಬೇಯಿಸಿದ ಗೂಡಿನ ವಾಸನೆ ನಡುವೆ ಇಡೀ ದಿನ ನಿಂತವರಿಗೆ ಆ ಹನ್ನೊಂದರ ಟೀ ಏನು ಅಂತ ನನಗೆ ಗೊತ್ತು, ಅದನ್ನು ಕಿತ್ತುಕೊಳ್ಳಲ್ಲ. ಮಿಕ್ಕ ಹೊತ್ತಿಗೆ ಮಜ್ಜಿಗೆ ಇಟ್ಟುಕೊಳ್ಳಿ.

ಬಸುರಿಯರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇರಬಾರದು. ನಿಮ್ಮ 9.4 ತಾನಾಗಿ ಸರಿಹೋಗುವಷ್ಟು ಚಿಕ್ಕ ಕೊರತೆಯಲ್ಲ. ಮಾತ್ರೆ ಒಂದು ಸಾಕೋ ಎರಡು ಬೇಕೋ ಅನ್ನೋದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಈವರೆಗೆ ಟೀ ಜೊತೆ ನುಂಗುತ್ತಿದ್ದೆ ಅಂತ ಅವರಿಗೂ ಹೇಳಿ, ಮುಚ್ಚಿಡಬೇಡಿ. ಒಂದು ತಿಂಗಳ ಮೇಲೆ ತಾಯಿ ಕಾರ್ಡ್ ಹಿಡಿದು ಮತ್ತೆ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ, ಅಂದರೆ 9.4 ಇದ್ದದ್ದು 10.4ಕ್ಕೆ, ಏರಿರಬೇಕು. ಏರದಿದ್ದರೆ ಕಾರಣ ಬೇರೆ ಹುಡುಕಬೇಕಾಗುತ್ತೆ.

ಪ್ರಶ್ನೆ: ಮಗಳಿಗೆ ಮೂರು ತಿಂಗಳು, ಬಾಣಂತನದವರೆಗೂ ತುಮಕೂರಿನಲ್ಲಿ ನಮ್ಮ ಜೊತೆಯೇ ಇರುತ್ತಾಳೆ. ವಾಂತಿ ಜಾಸ್ತಿ. ಟೀ ಬದಲು ಶುಂಠಿ ಕಷಾಯ, ಬೆಲ್ಲದ ಟೀ, ಇಲ್ಲಾ ಗ್ರೀನ್ ಟೀ ಕೊಡಬಹುದಾ?

ಉತ್ತರ: ಶುಂಠಿ ಕೊಡಿ. ಕಿರುಬೆರಳ ತುದಿಯಷ್ಟು ಹಸಿಶುಂಠಿ ಜಜ್ಜಿ ಹಾಕಿದರೆ ಸಾಕು, ವಾಕರಿಕೆಗೆ ಒಳ್ಳೆಯದು. ಜೀರಿಗೆ, ಧನಿಯಾ ಕಷಾಯವೂ ಅಡುಗೆಗೆ ಹಾಕುವ ಅಳತೆಯಲ್ಲಿ ಇರಲಿ. ಅತಿಮಧುರ ಮಾತ್ರ ಬೇಡ. ಗಂಟಲಿಗೆ ಹಿತ ಅಂತ ಬಾಣಂತಿಯ ಔಷಧಿ ಡಬ್ಬಿಯಿಂದ ತೆಗೆದು ಹಾಕುವ ಅಭ್ಯಾಸ ಇದ್ದರೆ ಬಿಡಿ. ತೂಕ ಇಳಿಸುವ ಕೆಲವು ಟೀ ಪುಡಿಗಳಲ್ಲಿ ಭೇದಿ ಮಾಡಿಸುವ ಸೋನಾಮುಖಿ ಸೇರಿಸಿರುತ್ತಾರೆ, ಅವು ಮನೆಯಲ್ಲೇ ಇರಬಾರದು.

ಗ್ರೀನ್ ಟೀ ಬೇರೆ ಗಿಡದ್ದಲ್ಲ, ಅದೇ ಟೀ ಗಿಡದ ಎಲೆ. ಕೆಫೀನೂ ಇದೆ, ಒಗರೂ ಇದೆ. ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಬೆಲ್ಲದ ಟೀ ಕೊಟ್ಟರೆ ಆ ಚೂರುಪಾರನ್ನೂ ಟೀಯೇ ಹಿಡಿದಿಟ್ಟುಕೊಳ್ಳುತ್ತೆ. ಸಕ್ಕರೆ ಅಂಶ ಮಾತ್ರ ಒಳಗೆ ಹೋಗುತ್ತೆ. ಬಸುರಿಯ ಸಕ್ಕರೆ ಪರೀಕ್ಷೆ ಇನ್ನೂ ಮಾಡಿಸಿಲ್ಲವಾದರೆ ಈ ಸಲವೇ ಕೇಳಿ ಮಾಡಿಸಿ. ನೀರು ಕೂಡ ನಿಲ್ಲದಷ್ಟು ವಾಂತಿ, ಮೂತ್ರ ಕಮ್ಮಿ, ತೂಕ ಇಳಿತ ಕಂಡರೆ ಕಷಾಯ ನೆಚ್ಚಿಕೊಂಡು ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಹೆಂಡತಿಗೆ ಏಳು ತಿಂಗಳು. ಕುಡಿಯೋಕೆ ಕ್ಯಾನ್ ನೀರು ತರುತ್ತೇವೆ, ಟೀಗೆ ಬೋರ್ ನೀರು. ಹೇಗೂ ಕುದಿಯುತ್ತಲ್ಲ, ತೊಂದರೆ ಇಲ್ಲ ತಾನೇ?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇದೇ ರೂಢಿ. ಕುದಿಸಿದರೆ ರೋಗಾಣು ಸಾಯುತ್ತೆ, ಆದರೆ ಬೋರ್ ನೀರಿನಲ್ಲಿ ಕರಗಿರುವ, ಅತಿಯಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಎಲ್ಲೂ ಹೋಗಲ್ಲ. ಮೂರು ಲೋಟ ನೀರು ಕುದ್ದು ಎರಡಾದರೆ ಮೂರು ಲೋಟದ ಫ್ಲೋರೈಡ್ ಎರಡು ಲೋಟದಲ್ಲಿ ಉಳಿದಿರುತ್ತೆ. ಅದರ ಮೇಲೆ ಟೀ ಗಿಡವೇ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ತುಂಬಿಕೊಳ್ಳುವ ಗಿಡ, ಬಲಿತ ಎಲೆಯಲ್ಲಿ ಇನ್ನೂ ಜಾಸ್ತಿ. ಹೀಗೆ ನೀರಿನದ್ದೂ ಎಲೆಯದ್ದೂ ಸೇರಿ ಒಂದೇ ಲೋಟಕ್ಕೆ ಬರುತ್ತೆ. ಅದು ತಾಯಿಯಿಂದ ಮಗುವಿಗೂ ದಾಟುತ್ತೆ.

ಕ್ಯಾನ್ ನೀರು ಕುಡಿಯೋಕೆ ಮಾತ್ರ ಅಂತ ಎತ್ತಿಡಬೇಡಿ. ಟೀ, ಸಾರು, ಮುದ್ದೆಯ ಎಸರು, ಎಲ್ಲಕ್ಕೂ ಅದನ್ನೇ ಬಳಸಿ. ಬೋರ್ ನೀರು ಪಾತ್ರೆ ತೊಳೆಯೋಕೆ, ಸ್ನಾನಕ್ಕೆ ಇರಲಿ. ಕ್ಯಾನ್ ಹೊರೋ ಕೆಲಸ ಮಾತ್ರ ಏಳು ತಿಂಗಳ ಅವರಿಗೆ ಬೇಡ, ನೀವೇ ತನ್ನಿ.

ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯ ನೀರು. ಬೇರೆ ನೀರೇ ಸಿಗದ ಕಡೆಯೂ 1.5 ದಾಟಬಾರದು. ಊರಿನ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಕಾಣುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ನೀರುಗಂಟಿಯನ್ನೋ ಪಂಚಾಯಿತಿಯವರನ್ನೋ ಕೇಳಿ, ಫ್ಲೋರೈಡ್ ನೋಡುವ ಕಿಟ್ ಅವರ ಹತ್ತಿರ ಇರುತ್ತೆ. ನಿಮ್ಮ ಬೋರ್ ನೀರು ಒಂದು ಬಾಟಲಿ, ಕ್ಯಾನ್ ನೀರು ಒಂದು ಬಾಟಲಿ, ಎರಡನ್ನೂ ತಗೊಂಡು ಹೋಗಿ. ಫಿಲ್ಟರ್ ಬದಲಾಯಿಸದೆ ವರ್ಷಗಟ್ಟಲೆ ಓಡಿಸಿದ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನು ನಂಬೋಕಾಗಲ್ಲ.