ಗಣಿತದ ಪುಸ್ತಕಕ್ಕೆ ವಿಕರ್ಣ ಹೇಗೆ ಬಂದ?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಪೈಥಾಗೊರಸನ ಪ್ರಮೇಯದ ‘ವಿಕರ್ಣದ ಮೇಲಿನ ವರ್ಗ’ವನ್ನು ಬಾಯಿಪಾಠ ಮಾಡುವಾಗಲೆಲ್ಲ ಅವಳ ಅಜ್ಜ, “ವಿಕರ್ಣ ದುರ್ಯೋಧನನ ತಮ್ಮ. ಪಾಪ, ಅವನ ಮೇಲೇಕೆ ವರ್ಗ ಹೇರುತ್ತೀರಿ?” ಎಂದು ಛೇಡಿಸುತ್ತಾರೆ. ಕರ್ಣ ಎಂದರೆ ಕಿವಿ ಎಂದೂ ಕೇಳಿದ್ದೇನೆ. ಇವೆಲ್ಲಕ್ಕೂ ನಂಟಿದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಅಜ್ಜನ ಮಾತು ಸುಳ್ಳಲ್ಲ. ದ್ರೌಪದಿಯ ಪರವಾಗಿ ಕೌರವರ ಸಭೆಯಲ್ಲಿ ದನಿಯೆತ್ತಿದ ವಿಕರ್ಣನಿಗೂ ನಿಮ್ಮ ಮಗಳ ತ್ರಿಭುಜದಲ್ಲಿ ಲಂಬಕೋನದ ಎದುರಿಗಿರುವ ಬದಿಗೂ ಹೆಸರೊಂದೇ, ಸಂಬಂಧವಿಲ್ಲ.

ಸಂಸ್ಕೃತದಲ್ಲಿ ಕರ್ಣ ಎಂದರೆ ಮೊದಲಿಗೆ ಕಿವಿಯೇ. ದೋಣಿಯ ಚುಕ್ಕಾಣಿಗೂ ಅದೇ ಹೆಸರು; ಸಂಸ್ಥೆಗಳ ಮುಖ್ಯಸ್ಥರನ್ನು ಪತ್ರಿಕೆಗಳು ‘ಕರ್ಣಧಾರ’ರೆಂದು ಹೊಗಳುವಾಗ ಅವರ ಕೈಯಲ್ಲಿರುವುದು ಚುಕ್ಕಾಣಿ, ಯಾರ ಕಿವಿಯೂ ಅಲ್ಲ. ಕುಂತಿಯ ಮಗನ ವಿಷಯ ಇನ್ನೂ ಸ್ವಾರಸ್ಯ. ಕುಂಡಲಗಳೊಂದಿಗೆ ಹುಟ್ಟಿದ್ದರಿಂದ ಆ ಹೆಸರು ಬಂತೆಂದು ನಾವು ಸುಲಭವಾಗಿ ನಂಬುತ್ತೇವೆ. ಆದರೆ ವ್ಯಾಸಭಾರತದ ಪ್ರಕಾರ ಅವನ ಮೊದಲ ಹೆಸರು ವಸುಷೇಣ; ಮೈಗಂಟಿದ ಕವಚವನ್ನು ಕತ್ತರಿಸಿ ಕೊಟ್ಟ ಮೇಲೆ ಅವನು ‘ವೈಕರ್ತನ ಕರ್ಣ’ನಾದ. ಅಲ್ಲಿ ಕಿವಿಗಿಂತ ಕತ್ತರಿಸುವಿಕೆಯೇ ಮುಂದಿದೆ. ಹತ್ತನೇ ಶತಮಾನದ ನಮ್ಮ ಪಂಪನಿಗೆ ಕಿವಿಯೂ ಕರ್ಣನೂ ಎರಡೂ ಬೇಕಾದವು: ಭಾರತವನ್ನು ಅವನು ಕರೆದ ‘ಕರ್ಣರಸಾಯನ’ ಕಿವಿಗೂ ಸವಿ, ಕರ್ಣನ ಕಥೆಯಾಗಿಯೂ ಸವಿ.

ಇನ್ನು ರೇಖೆ. ನಮ್ಮ ಹಳೆಯ ಗಣಿತಜ್ಞರು ಲಂಬಕೋನ ತ್ರಿಭುಜದ ಮೂರು ಬದಿಗಳನ್ನು ಭುಜ, ಕೋಟಿ, ಕರ್ಣ ಎಂದರು. ಭುಜ ಎಂದರೆ ತೋಳು, ಕೋಟಿ ಎಂದರೆ ಬಿಲ್ಲಿನ ತುದಿ. (ನೂರು ಲಕ್ಷದ ಕೋಟಿಯೂ ಇದೆಯಲ್ಲ ಎಂದು ಅಜ್ಜನಿಗೆ ನೆನಪಿಸಬೇಡಿ.) ಕರ್ಣ ಇಲ್ಲಿ ಕಿವಿಯೇ ಹೌದೇ ಎಂಬ ಅನುಮಾನಕ್ಕೆ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಉತ್ತರವಿದೆ. 1150ರ ಈ ಗ್ರಂಥ ಪದ್ಯದಲ್ಲಿದೆ. ಹಾಗಾಗಿ ಛಂದಸ್ಸಿಗೆ ಒಗ್ಗುವಂತೆ ಅದೇ ರೇಖೆಯನ್ನು ‘ಶ್ರುತಿ’, ‘ಶ್ರವಣ’ ಎಂದೂ ಕರೆದಿದ್ದಾರೆ. ಎಲ್ಲವೂ ಕಿವಿಯ ಹೆಸರುಗಳೇ!

ಸಂಸ್ಕೃತದಲ್ಲಿ ಚತುರ್ಭುಜದ ಮೂಲೆಯಿಂದ ಮೂಲೆಗೆ ಎಳೆದ ಗೆರೆಯೂ ಕರ್ಣವೇ. ಮರಾಠಿ ಇಂದಿಗೂ ಎರಡಕ್ಕೂ ಒಂದೇ ಪದ ಬಳಸುತ್ತದೆ. ಕನ್ನಡ ಪಠ್ಯಪುಸ್ತಕಗಳು ಮಾತ್ರ ಚತುರ್ಭುಜಕ್ಕೆ ಕರ್ಣ, ತ್ರಿಭುಜಕ್ಕೆ ವಿಕರ್ಣ ಎಂದು ಪಾಲು ಮಾಡಿದವು. ಈ ಪಾಲುಪಟ್ಟಿ ನನಗೆ ಅಷ್ಟಾಗಿ ಹಿಡಿಸಿಲ್ಲ. 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಆಯತವೊಂದನ್ನು ಬರೆದು ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. 5 ಸೆಂ.ಮೀ.ನ ಆ ಗೆರೆ ಆಯತಕ್ಕೆ ಕರ್ಣ, ಅದರಿಂದಲೇ ಹುಟ್ಟಿದ ಎರಡು ತ್ರಿಭುಜಗಳಿಗೆ ವಿಕರ್ಣ. ಗೆರೆ ಒಂದೇ, ಹೆಸರು ಎರಡು.

ಮಗಳು ಮುಂದೆ ಹಿಂದಿಯ ಗಣಿತ ಪುಸ್ತಕ ತೆರೆದರೆ ಎಚ್ಚರವಿರಲಿ. ಅಲ್ಲಿ ತ್ರಿಭುಜದ್ದು ಕರ್ಣ, ಚತುರ್ಭುಜದ್ದು ವಿಕರ್ಣ. ನಮ್ಮದಕ್ಕೆ ತೀರಾ ತಿರುವುಮುರುವು.