ನೆನಪನ್ನೇ ಅಲುಗಿಸುವ ಮಾತು

ಪ್ರಶ್ನೆ: ಗಂಡ ನಿನ್ನೆ ಹೇಳಿದ್ದನ್ನು ಇವತ್ತು 'ನಾನು ಹಾಗೆ ಹೇಳೇ ಇಲ್ಲ, ನಿನಗೆ ಭ್ರಮೆ' ಅನ್ನುತ್ತಾರೆ. ಪ್ರತಿ ಜಗಳದ ಕೊನೆಗೂ ಕ್ಷಮೆ ಕೇಳುವವಳು ನಾನೇ. ನನಗೇ ಮರೆವು ಶುರುವಾಗಿದೆಯೇ?

ಉತ್ತರ: ಕೆಲಸದಲ್ಲಿ, ಲೆಕ್ಕಪತ್ರದಲ್ಲಿ, ಗೆಳತಿಯರ ಜೊತೆ ನಿಮ್ಮ ನೆನಪು ಹೇಗಿದೆ ನೋಡಿ. ಎಲ್ಲ ಕಡೆಯೂ ಮರೆಯುತ್ತಿದ್ದರೆ ವೈದ್ಯರನ್ನು ಕಾಣಿ. ಒಬ್ಬರ ಮುಂದೆ ಮಾತ್ರ ತಪ್ಪುತ್ತಿದ್ದರೆ, ನಿಮ್ಮಲ್ಲಿ ಆ ಅನುಮಾನವನ್ನು ಯಾರೋ ಬಿತ್ತುತ್ತಿರಬಹುದು.

ಗಟ್ಟಿ ನೆನಪೂ ಮಾತಿಗೆ ಅಲುಗಾಡುತ್ತದೆ. 1974ರಲ್ಲಿ ಮನೋವಿಜ್ಞಾನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ದೃಶ್ಯ ತೋರಿಸಿ, ಕೆಲವರಿಗೆ 'ಕಾರುಗಳು ತಾಗಿದಾಗ ವೇಗ ಎಷ್ಟಿತ್ತು' ಎಂದೂ ಕೆಲವರಿಗೆ 'ಅಪ್ಪಳಿಸಿದಾಗ' ಎಂದೂ ಕೇಳಿದರು. ವಾರದ ಮೇಲೆ, ಒಡೆದ ಗಾಜು ಕಂಡಿತೇ ಎಂದು ವಿಚಾರಿಸಿದರು. 'ತಾಗಿದಾಗ' ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ 7 ಜನ, 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡ 50ರಲ್ಲಿ 16 ಜನ ಹೌದೆಂದರು. ಗಾಜು ಒಡೆದೇ ಇರಲಿಲ್ಲ! ಒಂದು ಪದಕ್ಕೆ ಇಷ್ಟು ಬಲವಿದ್ದರೆ, ವರ್ಷಗಟ್ಟಲೆ 'ನಿನಗೆ ಭ್ರಮೆ' ಎಂದು ಕೇಳಿಸಿಕೊಂಡವರ ಗತಿ ಯೋಚಿಸಿ.

ಆದ್ದರಿಂದ ಮಾತು ನಡೆದ ದಿನವೇ ಬರೆದಿಡಿ. 'ಅವರು ಕೆಟ್ಟದಾಗಿ ನಡೆದುಕೊಂಡರು' ಎಂದು ಬರೆದರೆ ತಿಂಗಳ ನಂತರ ಪ್ರಯೋಜನಕ್ಕೆ ಬರುವುದಿಲ್ಲ. 'ಮಂಗಳವಾರ ರಾತ್ರಿ, ಊಟದ ನಂತರ: ಶನಿವಾರ ಅಮ್ಮನ ಮನೆಗೆ ಹೋಗು, ನನ್ನ ಅಡ್ಡಿಯಿಲ್ಲ ಎಂದರು' ಎಂದು ಅವರ ಮಾತನ್ನೇ ಇಳಿಸಿ. ಬಹಳ ಮಂದಿ ಎಡವುವುದು ಇದರ ನಂತರ: ಜಗಳದ ನಡುವೆ ಪುಸ್ತಕ ತೆರೆದು ಓದುತ್ತಾರೆ. ಆಗ 'ನನ್ನ ಮೇಲೆ ಪತ್ತೇದಾರಿ ಮಾಡ್ತೀಯಾ' ಎಂಬ ಹೊಸ ಆರೋಪ ಹುಟ್ಟಿ, ಮೂಲ ವಿಷಯ ಮಾಯವಾಗುತ್ತದೆ. ಪುಸ್ತಕ ನಿಮಗಾಗಿ, ಮತ್ತು ನೀವು ನಂಬುವ ಒಬ್ಬರಿಗಾಗಿ. ನಿಮ್ಮ ಫೋನ್ ಅವರು ನೋಡುತ್ತಾರಾದರೆ ಅದರಲ್ಲಿ ಬರೆಯಬೇಡಿ.

ಮಾತು ಮರೆಯುವುದು ಎಲ್ಲರಿಗೂ ಇದ್ದದ್ದೇ. ಪ್ರಾಮಾಣಿಕರು 'ಹೇಳಿದ್ದೆನೇನೋ, ನೆನಪಿಲ್ಲ' ಅನ್ನುತ್ತಾರೆ. ನಿಮ್ಮ ಬುದ್ಧಿಯ ಮೇಲೆ ಎರಗುವುದಿಲ್ಲ. ಎರಗಿದರೆ, 'ನನ್ನ ನೆನಪು ಬೇರೆ ಇದೆ' ಎಂದಷ್ಟೇ ಹೇಳಿ ನಿಲ್ಲಿಸಿ. ಒಪ್ಪಿಸಲು ಹೊರಟಷ್ಟೂ ಮಾತು ತಿರುಗಿ ನಿಮ್ಮ ಕ್ಷಮೆಗೇ ಬಂದು ಮುಟ್ಟುತ್ತದೆ. ಹೊಡೆತದ ಭಯವಿದ್ದರೆ ಇದನ್ನೂ ಹೇಳಬೇಡಿ. ಮೊದಲು ಹೊರಗಿನವರ ನೆರವು ಪಡೆಯಿರಿ.

ಪ್ರಶ್ನೆ: ಗೆಳೆಯ ಪದೇ ಪದೇ ಸುಳ್ಳು ಹೇಳಿ, ಅತ್ತು ಕ್ಷಮೆ ಕೇಳುತ್ತಾನೆ. ಆ ಎರಡು ದಿನ ತುಂಬಾ ಪ್ರೀತಿ. ಬಿಡಲಾಗುತ್ತಿಲ್ಲ.

ಉತ್ತರ: ಯಾವಾಗ ಸಿಗುತ್ತದೋ ತಿಳಿಯದ ಪ್ರೀತಿಯ ಹಿಡಿತ ಬಿಗಿ, ಅದು ನಿಮ್ಮ ದೌರ್ಬಲ್ಯವಲ್ಲ. ಕಣ್ಣೀರನ್ನು ಅಳೆಯಬೇಡಿ, ನಂತರದ ನಡತೆ ನೋಡಿ. ಯಾವ ಸುಳ್ಳು ಎಂದು ತಾನಾಗಿ ಹೆಸರಿಸಿದನೇ? ಸುಳ್ಳಿನಿಂದ ಹೋದ ಹಣ, ಕೆಟ್ಟ ಹೆಸರು ಸರಿಪಡಿಸಿದನೇ? 'ನಂಬಲು ಸಮಯ ಬೇಕು' ಎಂದಾಗ ಸಿಟ್ಟಾದನೇ? ಆ ಸಿಟ್ಟು ಬಂದರೆ, ಅವನ ಕ್ಷಮೆ ನಿಮ್ಮನ್ನು ಸುಮ್ಮನಾಗಿಸಲು ಮಾತ್ರ ಬಂದದ್ದು.