ಕೋಡಿಂಗ್ ಬರದಿದ್ದರೂ ಬಿಲ್ ಅಪ್ರೂವಲ್ ಆಟೋಮೇಟ್ ಮಾಡಬಹುದಾ? ಯಾವ ಟೂಲ್ ಒಳ್ಳೆಯದು?

ಮಾಡಬಹುದು. ನಾನು ಅಕೌಂಟ್ಸ್ ಕಡೆಯವನು, ಕೋಡಿಂಗ್ ಆಗಲೂ ಬರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಆದರೂ ನೀವು ವಿವರಿಸಿದಂಥದ್ದೇ ಕೆಲಸವನ್ನು ಮಾಡಿ ಓಡಿಸುತ್ತಿದ್ದೇನೆ. ನಿಮ್ಮಲ್ಲಿ ಬಿಲ್ ಮೇಲ್‌ನಲ್ಲಿ ಬರುತ್ತದೆ, ಒಬ್ಬರು ಅದನ್ನು ಎಕ್ಸೆಲ್‌ಗೆ ಹಾಕುತ್ತಾರೆ, ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ, ಅವರು ಓಕೆ ಅಂದಮೇಲೆ ಪೇಮೆಂಟ್. ಇದನ್ನು ಲೋ-ಕೋಡ್‌ನಲ್ಲಿ (ಕೋಡ್ ಬರೆಯದೆ, ಪರದೆಯ ಮೇಲೆ ಹೆಜ್ಜೆಗಳನ್ನು ಜೋಡಿಸುವ ಟೂಲ್‌ನಲ್ಲಿ) ಮಾಡಿದರೆ ಡೆವಲಪರ್ ಬೇಡವಾ, ಯಾವ ಟೂಲ್ ತಗೊಳ್ಳಲಿ ಅಂತ ಕೇಳಿದ್ದೀರಿ, ಅಲ್ವಾ?

ಟೂಲ್ ವಿಷಯ ಆಮೇಲೆ. ಮೊದಲು ದಿನಾ ಆ ಬಿಲ್ಲುಗಳನ್ನು ನೋಡುವವರ ಪಕ್ಕ ಒಂದು ದಿನ ಸುಮ್ನೆ ಕೂತುಕೊಳ್ಳಿ. ಮ್ಯಾನೇಜರ್ ಹೇಳುವ ಪದ್ಧತಿಯೇ ಬೇರೆ, ನಿಜವಾಗಿ ನಡೆಯುವುದೇ ಬೇರೆ. ನಾನು ಕೂತಾಗ ಗೊತ್ತಾಗಿದ್ದು, ಒಬ್ಬ ಸಪ್ಲೈಯರ್ ಬಿಲ್ ಬಂದರೆ ನಮ್ಮ ಸಹೋದ್ಯೋಗಿ ಎಲ್ಲಕ್ಕಿಂತ ಮೊದಲು ಗೋಡೌನ್‌ಗೆ ಫೋನ್ ಮಾಡಿ ಮಾಲು ಪೂರ್ತಿ ಬಂದಿದೆಯಾ ಅಂತ ಕೇಳುತ್ತಿದ್ದರು. ಯಾಕೆ ಅಂದರೆ, ಹಿಂದೆ ಎರಡು ಸಲ ಕಡಿಮೆ ಬಂದಿತ್ತಂತೆ. ಇದು ಯಾವ ಕಾಗದದಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ನಾನು ಕೇಳದೇ ಫ್ಲೋ (ತಾನಾಗಿ ಒಂದಾದ ಮೇಲೊಂದು ನಡೆಯುವ ಹೆಜ್ಜೆಗಳ ಸರಣಿ) ಕಟ್ಟಿದ್ದರೆ ಆ ಫೋನ್ ಕಾಲ್ ಸದ್ದಿಲ್ಲದೆ ಮಾಯವಾಗುತ್ತಿತ್ತು. ಮ್ಯಾನೇಜರ್ ರಜೆಯಲ್ಲಿದ್ದರೆ ಯಾರು ಓಕೆ ಮಾಡುತ್ತಾರೆ, ಅದೇ ಬಿಲ್ ಎರಡು ಸಲ ಬಂದರೆ ಏನು, ತಿದ್ದಿದ ಬಿಲ್ ಬಂದಾಗ ಹಳೆಯದು ಎಲ್ಲಿಗೆ ಹೋಗುತ್ತದೆ, ಎಷ್ಟು ಮೊತ್ತ ದಾಟಿದರೆ ಇನ್ನೊಬ್ಬರ ಒಪ್ಪಿಗೆ ಬೇಕು, ಇವೆಲ್ಲ ಮೊದಲೇ ಬರೆದುಕೊಳ್ಳಿ. ಫ್ಲೋ ಕಟ್ಟುವುದು ಎರಡು ಮೂರು ದಿನದ ಕೆಲಸ, ನಿಜವಾದ ತಲೆನೋವು ಇಲ್ಲೇ ಇರುವುದು.

ಈಗ ಟೂಲ್. ನಿಮ್ಮ ಮೇಲ್ ಮತ್ತು ಶೀಟುಗಳು ಎಲ್ಲಿವೆಯೋ ಅಲ್ಲೇ ಇರುವುದನ್ನು ಆರಿಸಿ. ಔಟ್‌ಲುಕ್, ಎಕ್ಸೆಲ್, ಶೇರ್‌ಪಾಯಿಂಟ್ ಬಳಸುತ್ತಿದ್ದರೆ ಮೈಕ್ರೋಸಾಫ್ಟ್‌ನದೇ ಪವರ್ ಆಟೋಮೇಟ್, ಅದರಲ್ಲಿ ಅಪ್ರೂವಲ್ ಅನ್ನುವುದು ರೆಡಿಯಾಗಿಯೇ ಸಿಗುತ್ತದೆ. ಎಲ್ಲವೂ ಗೂಗಲ್‌ನಲ್ಲಿದ್ದರೆ ಆ್ಯಪ್‌ಶೀಟ್ ನೋಡಿ. ಹತ್ತು ಕಡೆ ಹಂಚಿಹೋಗಿದ್ದರೆ, ಬೇರೆ ಬೇರೆ ಆ್ಯಪ್‌ಗಳನ್ನು ಜೋಡಿಸುವ ಝೇಪಿಯರ್, ಮೇಕ್ ಅಥವಾ ಎನ್‌ಏಟ್‌ಎನ್. ಈ ಮೂರರಲ್ಲಿ ದುಡ್ಡಿನ ಲೆಕ್ಕ ಹಾಕುವ ರೀತಿ ಒಂದೇ ಅಲ್ಲ, ಜಾಸ್ತಿ ಜನ ಎಡವುವುದು ಅಲ್ಲೇ. ಝೇಪಿಯರ್‌ನಲ್ಲಿ ಟ್ರಿಗರ್ (ಫ್ಲೋ ಶುರು ಮಾಡುವ ಘಟನೆ) ಬಿಟ್ಟು ಸರಿಯಾಗಿ ಮುಗಿದ ಒಂದೊಂದು ಹೆಜ್ಜೆಯೂ ದುಡ್ಡಿನ ಲೆಕ್ಕಕ್ಕೆ ಒಂದು ಟಾಸ್ಕ್ (ಫಿಲ್ಟರ್‌ನಂಥ ಕೆಲವಕ್ಕೆ ಲೆಕ್ಕವಿಲ್ಲ). ಎನ್‌ಏಟ್‌ಎನ್ ಕ್ಲೌಡ್‌ನಲ್ಲಿ ಎಷ್ಟು ಹೆಜ್ಜೆ ಇದ್ದರೂ ಶುರುವಿನಿಂದ ಕೊನೆವರೆಗಿನ ಇಡೀ ಓಟಕ್ಕೆ ಒಂದೇ ಲೆಕ್ಕ. ತಿಂಗಳಿಗೆ 300 ಬಿಲ್, ಟ್ರಿಗರ್ ಬಿಟ್ಟು ಬಿಲ್ಲಿಗೆ 4 ಹೆಜ್ಜೆ ಅಂದರೆ ಝೇಪಿಯರ್‌ನಲ್ಲಿ 1200, ಎನ್‌ಏಟ್‌ಎನ್‌ನಲ್ಲಿ 300. ಎನ್‌ಏಟ್‌ಎನ್ ಅನ್ನು ಸ್ವಂತ ಸರ್ವರ್‌ನಲ್ಲೂ ಹಾಕಿಕೊಳ್ಳಬಹುದು, ಆದರೆ ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಐಟಿಯವರು ಇಲ್ಲದ ಕಡೆ ನಾನಂತೂ ಬೇಡ ಅನ್ನುತ್ತೇನೆ.

ನಾನು ಮಾಡಿದ ಮೊದಲ ಎಡವಟ್ಟು ಕೇಳಿ. ಶೀಟಿನಲ್ಲಿ ಯಾವುದಾದರೂ ಸಾಲು ಬದಲಾದರೆ ಮ್ಯಾನೇಜರ್‌ಗೆ ಮೇಲ್ ಕಳಿಸು, ಕಳಿಸಿದ ಮೇಲೆ ಅದೇ ಸಾಲಿನಲ್ಲಿ "ಕಳಿಸಿದೆ" ಅಂತ ಬರೆ ಅಂತ ಹೇಳಿಕೊಟ್ಟಿದ್ದೆ. ಅದು ಬರೆದ ಕೂಡಲೇ ಸಾಲು ಬದಲಾಯಿತು, ಬದಲಾಯಿತು ಅಂತ ಇನ್ನೊಂದು ಮೇಲ್, ಮತ್ತೆ ಬರೆಯಿತು, ಮತ್ತೆ ಮೇಲ್. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಒಂದೇ ಬಿಲ್ಲಿಗೆ ಮ್ಯಾನೇಜರ್ ಇನ್‌ಬಾಕ್ಸ್‌ನಲ್ಲಿ ನೂರಕ್ಕೂ ಹೆಚ್ಚು ಮೇಲ್ ಬಿದ್ದಿದ್ದವು. "ಸ್ಟೇಟಸ್ ಹೊಸದು ಅಂತ ಇದ್ದರೆ ಮಾತ್ರ ಓಡು" ಅನ್ನುವ ಒಂದು ಷರತ್ತು ಹಾಕಿದ್ದರೆ ಮುಗಿದೇ ಹೋಗುತ್ತಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆ ಅಂದರೆ ಸದ್ದೇ ಬರಲಿಲ್ಲ. ಮೂರು ಫ್ಲೋಗಳು ಒಬ್ಬ ಸಹೋದ್ಯೋಗಿಯ ಲಾಗಿನ್‌ನಲ್ಲಿ ಓಡುತ್ತಿದ್ದವು. ಅವರು ಕೆಲಸ ಬಿಟ್ಟರು, ಅಕೌಂಟ್ ಮುಚ್ಚಿದರು, ಫ್ಲೋಗಳೂ ನಿಂತವು. ನಮಗೆ ಗೊತ್ತಾಗಿದ್ದು ಹನ್ನೊಂದು ದಿನದ ಮೇಲೆ, ಅದೂ ಸಪ್ಲೈಯರ್ ಫೋನ್ ಮಾಡಿ ದುಡ್ಡೆಲ್ಲಿ ಅಂತ ಬೈದಾಗ. ಹಾಗಾಗಿ ಆಫೀಸಿನ ಹೆಸರಲ್ಲೇ ಒಂದು ಅಕೌಂಟ್ ಮಾಡಿಸಿ ಅದರಲ್ಲೇ ಕಟ್ಟಿ, ಫ್ಲೋ ಫೇಲ್ ಆದರೆ ಕನಿಷ್ಠ ಇಬ್ಬರಿಗಾದರೂ ಮೇಲ್ ಹೋಗಲಿ.

ಹಸಿರು ಟಿಕ್ ನೋಡಿ ನೆಮ್ಮದಿಯಾಗಿ ಇರಬೇಡಿ. ಎರರ್ ಬಂದಿಲ್ಲ ಅನ್ನುವುದಷ್ಟೇ ಅದರ ಅರ್ಥ. ಪವರ್ ಆಟೋಮೇಟ್‌ನಲ್ಲಿ ಎಕ್ಸೆಲ್ ಟೇಬಲ್‌ನ ಸಾಲುಗಳನ್ನು ತರಿಸುವ ಹೆಜ್ಜೆ, ಸೆಟ್ಟಿಂಗ್ಸ್‌ನಲ್ಲಿ ಪೇಜಿನೇಷನ್ (ಸಾಲುಗಳನ್ನು ಕಂತು ಕಂತಾಗಿ ಪೂರ್ತಿ ತರಿಸುವ ಆಯ್ಕೆ) ಆನ್ ಮಾಡದಿದ್ದರೆ ಮೊದಲ 256 ಸಾಲುಗಳನ್ನು ಮಾತ್ರ ತರುತ್ತದೆ. ಟೇಬಲ್‌ನಲ್ಲಿ 400 ಬಿಲ್ ಇದ್ದರೂ ಟಿಕ್ ಹಸಿರಾಗಿಯೇ ಇರುತ್ತದೆ, ಉಳಿದ 144 ಬಿಲ್ಲುಗಳನ್ನು ಯಾರೂ ನೋಡುವುದಿಲ್ಲ. ಹಾಗೇ ಪವರ್ ಆಟೋಮೇಟ್‌ನಲ್ಲಿ ಒಂದು ಓಟಕ್ಕೆ 30 ದಿನ ಮಿತಿ, ಅಷ್ಟರೊಳಗೆ ಮ್ಯಾನೇಜರ್ ಒತ್ತದಿದ್ದರೆ ಅಪ್ರೂವಲ್‌ಗೆ ಕಾಯುವುದನ್ನು ಅದು ಬಿಟ್ಟುಬಿಡುತ್ತದೆ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್ ಶೀಟಿನಂಥವಕ್ಕೆ ಚಿಕ್ಕ ಕೋಡ್ ಬರೆಯುವ ಜಾಗ) ಮುಟ್ಟುವ ಹಂತ ಬಂದರೆ ಅಲ್ಲೂ ಒಂದು ಸಲ ಓಡುವುದಕ್ಕೆ 6 ನಿಮಿಷ ಅಷ್ಟೇ. ಯಾವ ಟೂಲ್ ತಗೊಂಡರೂ ಅದರ ಮಿತಿಗಳ ಪುಟವನ್ನು ಮೊದಲು ಓದಿ. ಬೋರಿಂಗ್ ಪುಟ, ಗೊತ್ತು.

ಡೆವಲಪರ್ ಬೇಕಾ ಅಂದರೆ, ಶುರು ಮಾಡುವುದಕ್ಕೆ ಬೇಡ. ನಿಮ್ಮ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಆ ಟೂಲ್‌ನಲ್ಲಿ ಕನೆಕ್ಟರ್ (ರೆಡಿಯಾಗಿ ಸಿಗುವ ಜೋಡಣೆ) ಇಲ್ಲದಿದ್ದರೆ ಎಪಿಐ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ, ಜೋಡಿಸಲು ಒಬ್ಬರು ಬೇಕಾಗಬಹುದು. ಒಂದೇ ಫ್ಲೋನಲ್ಲಿ ಷರತ್ತಿನ ಒಳಗೆ ಷರತ್ತು ಸೇರಿ, ಆರು ತಿಂಗಳ ಹಿಂದೆ ನೀವೇ ಕಟ್ಟಿದ್ದು ನಿಮಗೇ ಅರ್ಥವಾಗದಿದ್ದರೂ ಕರೆಸಿ. ಪೇಮೆಂಟ್ ಬಟನ್ ಮಾತ್ರ ಮನುಷ್ಯರ ಕೈಯಲ್ಲೇ ಇರಲಿ. ನಾನು ಇವತ್ತಿಗೂ ಅದನ್ನು ಆಟೋಮೇಟ್ ಮಾಡಿಲ್ಲ, ಮಾಡುವ ಯೋಚನೆಯೂ ಇಲ್ಲ. ಮೇಲ್ ನೋಡಿ ಸಾಲು ಹಾಕುವುದು, ಒಪ್ಪಿಗೆ ಕೇಳುವುದು, ಎರಡು ದಿನ ಉತ್ತರ ಬರದಿದ್ದರೆ ನೆನಪಿಸುವುದು, ಇಷ್ಟು ಮಾಡಿದರೂ ದಿನಕ್ಕೆ ಒಂದು ಗಂಟೆ ಆರಾಮಾಗಿ ಉಳಿಯುತ್ತದೆ.

ಮೊದಲ ಎರಡು ವಾರ ಹಳೆಯ ಪದ್ಧತಿಯನ್ನೂ ಜೊತೆಗೇ ಓಡಿಸಿ, ದಿನಾ ಸಂಜೆ ಎರಡೂ ಕಡೆ ಬಿಲ್ ಎಣಿಸಿ ನೋಡಿ. ನಿಮ್ಮ ಅಕೌಂಟಿಂಗ್ ಸಾಫ್ಟ್‌ವೇರ್ ಯಾವುದು ಅಂತ ಬರೆದಿಲ್ಲ. ಅದನ್ನು ಹೇಳಿದರೆ ಯಾವುದಕ್ಕೆ ಕನೆಕ್ಟರ್ ಇದೆ ಅಂತ ನೋಡಿ ಹೇಳುತ್ತೇನೆ.